ಮುರುಗಲು ಸಿರಪ್: ಡ್ರಮ್ಮನ್ನೇ ಹಣ್ಣಿನ ಬುಡಕ್ಕೆ ಕಳಿಸಿದ ಲೆಕ್ಕ

ಮುರುಗಲು (ಕೋಕಂ) ವ್ಯಾಪಾರದಲ್ಲಿ ದುಡ್ಡು ಸೋರುವುದು ದಾರಿಯಲ್ಲಿ. ಸಿದ್ದಾಪುರದ ಮೂಲೆಯಿಂದ ಶಿರಸಿಗೆ ಗೋಣಿಚೀಲದಲ್ಲಿ ಬರುವಷ್ಟರಲ್ಲಿ ಅಡಿಯ ಹಣ್ಣು ಒಡೆದಿರುತ್ತದೆ. ಮೇ ತಿಂಗಳ ಸೆಕೆಗೆ ಮರುದಿನವೇ ಹುಳಿತ ವಾಸನೆ. ಕ್ರೇಟಿನಲ್ಲಿ ತರಿಸಿದರೂ ಕ್ವಿಂಟಲ್‌ಗೆ ಹತ್ತು-ಹನ್ನೆರಡು ಕಿಲೋ ಆರಿಸಿ ಎಸೆಯುವುದೇ, ಮೇಲಿಂದ ಬಾಡಿಗೆ. ಕೃತ್ತಿಕಾ ಮಳೆ ಬಿದ್ದರಂತೂ ಒಮ್ಮೆಲೇ ಹಣ್ಣು, ಕೊಚ್ಚಲು ಆಳಿಲ್ಲ.

ಅದಕ್ಕೇ ಹಣ್ಣು ತರಿಸುವುದನ್ನು ಬಿಟ್ಟು ಡ್ರಮ್ಮು, ಸಕ್ಕರೆ ಎರಡನ್ನೂ ಕೊಯ್ಯುವವರ ಮನೆಗೇ ಇಳಿಸತೊಡಗಿದೆ. ‘ಸಕ್ಕರೆ ಎಲ್ಲ ಚಾಕ್ಕೆ ಹೋಗ್ತು ನೋಡು’ ಎಂದವರು ಈಗ ಡ್ರಮ್ಮು ಎಲ್ಲಿ ಸಿಗುತ್ತದೆಂದು ಕೇಳುತ್ತಾರೆ.

50 ಲೀಟರಿನ ಫುಡ್‌ಗ್ರೇಡ್ ಡ್ರಮ್ಮಿಗೆ 12 ಕಿಲೋ ಸಿಪ್ಪೆ, 25 ಕಿಲೋ ಸಕ್ಕರೆ. ಒಂದು ಚೀಲ ಸಕ್ಕರೆಯಲ್ಲಿ ಎರಡು ಡ್ರಮ್ಮು. 24 ಕಿಲೋ ಪದರ ಪದರವಾಗಿ, ಕೊನೆಯ ಒಂದು ಕಿಲೋ ಮೇಲಿನ ಮುಚ್ಚಿಗೆಗೆ. ಗಾಳಿಗೆ ಬಿದ್ದ ಸಿಪ್ಪೆಗೇ ಮೊದಲು ಬೂಷ್ಟು ಬರುವುದು. ಹಣ್ಣನ್ನು ತೊಳೆದು ನೀರು ಪೂರ್ತಿ ಆರಿದ ಮೇಲೇ ಹೋಳು ಮಾಡಬೇಕು. ಕಪ್ಪುಗೆಂಪು ಹಣ್ಣೇ ಬೇಕು, ತೊಟ್ಟಿನ ಬಳಿ ಹಸಿರಿದ್ದರೆ ಬಣ್ಣ ಬಿಡದು. ಅಲ್ಯೂಮಿನಿಯಂ, ಕಬ್ಬಿಣ ಹತ್ತಿರ ಸುಳಿಯಕೂಡದು. ಆ ಹುಳಿ ಪಾತ್ರೆಯನ್ನೇ ತಿನ್ನುತ್ತದೆ, ಕಬ್ಬಿಣ ತಾಗಿದರೆ ರಸ ಕಪ್ಪಡರುತ್ತದೆ. ದಿನಕ್ಕೊಮ್ಮೆ ಮರದ ಸಟ್ಟುಗದಿಂದ ಬುಡದ ಸಕ್ಕರೆ ಮೇಲೆಬ್ಬಿಸಬೇಕು. ವಾರ, ಹತ್ತು ದಿನದಲ್ಲಿ ಸಿಪ್ಪೆ ಸುಕ್ಕಾಗಿ ತೇಲುತ್ತದೆ.

ಸಕ್ಕರೆ ಉಳಿಸಲು ಸಿಪ್ಪೆಯ ಎರಡು ಪಾಲಿನ ಬದಲು ಒಂದೂವರೆ ಪಾಲು ಹಾಕಿದ ಡ್ರಮ್ಮುಗಳು ಮೃಗಶಿರಾ ಮಳೆಗೆ ಉಬ್ಬಿ ಮುಚ್ಚಳ ಹಾರಿಸಿದವು. ಲೆಕ್ಕ ಸರಳ: ಸಿಪ್ಪೆಯಲ್ಲಿ ನೂರಕ್ಕೆ ಸುಮಾರು ಎಂಬತ್ತು ನೀರೇ. ಒಂದೂವರೆ ಪಾಲಿಗೆ ಬ್ರಿಕ್ಸ್ (ರಸದಲ್ಲಿ ನೂರಕ್ಕೆ ಎಷ್ಟು ಸಕ್ಕರೆ ಎಂಬ ಅಳತೆ) 65ರ ಅಂಚಿನಲ್ಲಿ ನಿಲ್ಲುತ್ತದೆ, ಒದ್ದೆ ಹಣ್ಣು ಸೇರಿದರೆ 60ಕ್ಕೆ ಜಾರಿ ಹುಳಿಯುತ್ತದೆ. ಎರಡು ಪಾಲಿಗೆ 68ರ ಮೇಲೆ.

ಚಾಕ್ಕೆ ಹೋಗುವ ಸಕ್ಕರೆಯನ್ನು ಹಿಡಿಯುವುದೂ ಈ ಬ್ರಿಕ್ಸ್‌ನಿಂದಲೇ. ಡ್ರಮ್ಮಿನ ಖಾಲಿ ತೂಕ ಬಿಟ್ಟು 37 ಕಿಲೋ ಬರಬೇಕು. ನಾಲ್ಕು ಕಿಲೋ ಸಕ್ಕರೆ ತೆಗೆದು ನೀರು ಸುರಿದರೆ ತಕ್ಕಡಿಗೆ ತಿಳಿಯದು, ಬ್ರಿಕ್ಸ್ ಅಳೆಯುವ ರಿಫ್ರಾಕ್ಟೋಮೀಟರ್ 61-62 ತೋರಿಸುತ್ತದೆ. ಅವರೆದುರಿಗೇ ಒಂದು ಹನಿ ಹಾಕಿ, ಅವರ ಕಣ್ಣಿಗೇ ಹಿಡಿದು ತೋರಿಸಿದರೆ ಮಾತು ಬೆಳೆಯುವುದಿಲ್ಲ. ಒಂದು ಕಿಲೋ ಸಕ್ಕರೆಯನ್ನು ಮನೆಗೆಂದು ಬೇರೆಯೇ ಕೊಡುತ್ತೇನೆ, ಅದರ ಖರ್ಚು ಖರ್ಚೇ ಅಲ್ಲ.

ಸಿಪ್ಪೆ ಹಣ್ಣಿನ ಅರ್ಧ. ಹಣ್ಣು ಕಿಲೋಗೆ ಇಪ್ಪತ್ತೈದರ ಆಸುಪಾಸು, ಸಕ್ಕರೆ ನಲವತ್ತೈದು, ಕೊಚ್ಚಿದ್ದಕ್ಕೆ ಹತ್ತು ಎಂದರೆ ಕಿಲೋ ಸಿಪ್ಪೆಗೆ ನೂರೈವತ್ತು ಬೀಳುತ್ತದೆ. ಒಂದೂಮುಕ್ಕಾಲು ಲೀಟರ್ ಸಿಗುವುದರಿಂದ ಲೀಟರಿಗೆ ಎಂಬತ್ತೈದು-ತೊಂಬತ್ತು. ಅದಕ್ಕೆ ಬಾಟಲಿ, ಲೇಬಲ್ಲು ಸೇರಿಸಿಕೊಳ್ಳಿ. ಬೀಜ ತೊಳೆದು ಒಣಗಿಸಿಟ್ಟರೆ ಮುರುಗಲ ತುಪ್ಪ ತೆಗೆಯುವವರು ಒಯ್ಯುತ್ತಾರೆ, ಡ್ರಮ್ಮಿನ ಬಾಡಿಗೆಯಾದರೂ ಅದರಲ್ಲಿ ಹುಟ್ಟುತ್ತದೆ.

ಬೆಲ್ಲದಲ್ಲೂ ಮಾಡಿ ನೋಡಿದೆ. ರುಚಿ ಚೆನ್ನ, ಬಣ್ಣ ಕಾಫಿ ಕಷಾಯದ್ದು, ಯಾರೂ ಕೊಳ್ಳಲಿಲ್ಲ. ಬಿಳಿ ಮುರುಗಲಿನದು ಪಿತ್ತಕ್ಕೆ ಒಳ್ಳೆಯದೆಂದು ಹಳಬರು ಕೇಳಿ ಒಯ್ಯುತ್ತಾರೆ, ಆದರೆ ಮರ ಕಡಿಮೆ. ಉಪ್ಪಿನಲ್ಲಿ ಹಾಕಿದ ರಸವನ್ನು ಕಾರವಾರ, ಗೋವಾ ಕಡೆಯವರು ಸೋಲ್‌ಕಡಿಗೆ (ತೆಂಗಿನ ಹಾಲಿನ ಮುರುಗಲು ಪಾನೀಯ) ಕೇಳುತ್ತಾರೆ. ದರ ಕಡಿಮೆ, ಆದರೆ ಕೆಡುವ ಭಯವಿಲ್ಲ.

ಕೆಂಪು ಹಣ್ಣಿಗೆ, ಕೆಡದಂತೆ ಹಾಕುವ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಬೇಡ, ಬಣ್ಣ ತಿಂದುಬಿಡುತ್ತದೆ. ಸೋಡಿಯಂ ಬೆಂಜೊಯೇಟ್ ಸಾಕು, ಮಿತಿ ಮೀರದಂತೆ. ಕಾಯಿಸಿದರೂ ಬಣ್ಣ ಕಂದಾಗುತ್ತದೆ. ಬಣ್ಣ ದೀಪಾವಳಿವರೆಗೂ ನಿಲ್ಲಲು ಸೋಸುವ ಹೊತ್ತಿನಲ್ಲಿ ಮಾಡುವ ಒಂದು ಕೆಲಸವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಡ್ರಮ್ಮು ಬಿಸಿಲಿಗೆ ಬೀಳದಂತೆ ಅಡಿಕೆ ಅಟ್ಟದ ಕೆಳಗಿಡಿ ಎನ್ನುವಷ್ಟು ಹೇಳಬಲ್ಲೆ.

ಕುಮಟಾ, ಹೊನ್ನಾವರದ ಕಡೆ ಹಣ್ಣು ಮೊದಲು, ಘಟ್ಟದ ಮೇಲೆ ಆಮೇಲೆ. ಏಪ್ರಿಲ್‌ನಲ್ಲಿ ಕೆಳಗಿಳಿಸಿದ ಡ್ರಮ್ಮುಗಳೇ ತೊಳೆದು ದೇವಿಮನೆ ಘಟ್ಟ ಹತ್ತಿ ಬರುತ್ತವೆ, ಹಾಗಾಗಿ ಅರ್ಧದಷ್ಟು ಡ್ರಮ್ಮುಗಳಲ್ಲೇ ಹಂಗಾಮು ಮುಗಿಯುತ್ತದೆ.