ಕಂಟ್ರೋಲರ್‌ಗೆ ಯಾವುದು, ಹೆಲ್ಪರ್‌ಗೆ ಯಾವುದು?

ವೈಟ್‌ಫೀಲ್ಡಿನ 200 ಮನೆಗಳ ಅಪಾರ್ಟ್‌ಮೆಂಟಿಗೆ ಮೇಂಟೆನೆನ್ಸ್ ಬಿಲ್ ತೋರಿಸುವ ರೈಲ್ಸ್ (ರೂಬಿ ಭಾಷೆಯ ವೆಬ್ ಚೌಕಟ್ಟು) ಆ್ಯಪ್ ಎಂದಿಟ್ಟುಕೊಳ್ಳಿ. ಬ್ರೌಸರಿನ ಕೋರಿಕೆಯನ್ನು ನಿಭಾಯಿಸುವುದು ಕಂಟ್ರೋಲರ್, ಡೇಟಾ ಮತ್ತು ಅದರ ಲೆಕ್ಕಾಚಾರ ಮಾಡೆಲ್, ಪುಟವನ್ನು ತೋರಿಸುವುದು ವ್ಯೂ, ವ್ಯೂಗೆ ನೆರವಾಗುವ ಚಿಕ್ಕ ಮೆಥಡ್‌ಗಳ ಜಾಗ ಹೆಲ್ಪರ್. ಕಂಟ್ರೋಲರ್ ತೆರೆದರೆ ರೂಪಾಯಿ ಚಿಹ್ನೆ, ಕೆಂಪು ಬಣ್ಣದ ಸಿಎಸ್‌ಎಸ್ ಕ್ಲಾಸು, ದಂಡದ ಲೆಕ್ಕ ಎಲ್ಲ ಕಲಸುಮೇಲೋಗರ. ಬಿಡಿಸುವುದು ಹೀಗೆ.

1. ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಇದೇ ಬಿಲ್ ಎಸ್‌ಎಂಎಸ್‌ನಲ್ಲಿ ಹೋದರೂ ಈ ಸಾಲು ಬೇಕೆ? ದಂಡದ ಮೊತ್ತ ಬೇಕು. ಅದರ ಜಾಗ ಮಾಡೆಲ್. ಕೆಂಪು ಬಣ್ಣ ಬೇಡ, ಅದು ಹೆಲ್ಪರ್‌ಗೆ. ಲಾಗಿನ್ ತಪಾಸಣೆ, ಪ್ಯಾರಾಮ್ಸ್ (ಕೋರಿಕೆಯೊಡನೆ ಬಂದ ಮಾಹಿತಿ), ರೀಡೈರೆಕ್ಟ್ ಕಂಟ್ರೋಲರ್‌ನಲ್ಲೇ ಇರಲಿ.

2. ಹೆಲ್ಪರ್‌ಗೆ ಹೋಗಬೇಕಾದ ಸಾಲುಗಳನ್ನು ಕಟ್ ಮಾಡಿ ಬಿಲ್ಸ್‌ಹೆಲ್ಪರ್‌ಗೆ ಅಂಟಿಸಿ.

3. ಬಹಳ ಮಂದಿ ಎಡವುವುದು ಇಲ್ಲಿ. ಅಂಟಿಸಿದ ಕೋಡಿನಲ್ಲಿ @ಬಿಲ್ (ಕಂಟ್ರೋಲರ್ ತುಂಬಿಟ್ಟ ವೇರಿಯಬಲ್) ಹಾಗೇ ಉಳಿದಿರುತ್ತದೆ. ಆ ಪುಟದಲ್ಲಿ ನಡೆಯುತ್ತದೆ, ಬೇರೆ ಪುಟದಲ್ಲಿ ಕರೆದರೆ ನಿಲ್ (ಏನೂ ಇಲ್ಲ) ಎಂದು ಮುಗ್ಗರಿಸುತ್ತದೆ. ಬಿಲ್ ಅನ್ನು ಆರ್ಗ್ಯುಮೆಂಟ್ ಆಗಿಯೇ ಕೊಡಿ. ಆಮೇಲೆ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ. ಹೆಲ್ಪರ್ ಒಳಗೆ ಬಿಲ್.ಪೇಮೆಂಟ್ಸ್ ಎಂದರೆ 200 ಮನೆಗಳ ಪಟ್ಟಿಗೆ 2 ಕ್ವೆರಿಯ ಬದಲು 201 (ಪಟ್ಟಿಗೆ 1, ಪ್ರತಿ ಮನೆಯ ಪೇಮೆಂಟ್‌ಗೆ ಒಂದೊಂದು). ಕಂಟ್ರೋಲರ್‌ನಲ್ಲಿ ಇನ್‌ಕ್ಲೂಡ್ಸ್ ಹಾಕಿ ಮೊದಲೇ ತರಿಸಿಕೊಳ್ಳಿ. ಅಷ್ಟಾದರೂ ಸಾಲದು: ಹೆಲ್ಪರ್‌ನಲ್ಲಿ ಪೇಮೆಂಟ್ಸ್.ಕೌಂಟ್ ಎಂದಿದ್ದರೆ, ಅಥವಾ ವೇರ್ (ಶೋಧದ ಷರತ್ತು) ಸೇರಿಸಿದ್ದರೆ, ಡೇಟಾಬೇಸಿಗೆ ಮತ್ತೆ ಓಡುತ್ತದೆ. ಸೈಜ್ ಎಂದು ಬರೆಯಿರಿ, ತಂದಿಟ್ಟಿದ್ದನ್ನೇ ಎಣಿಸುತ್ತದೆ. ಪುಟ ತೆರೆದು ಡೆವಲಪ್‌ಮೆಂಟ್ ಲಾಗ್ ನೋಡಿ. ಒಂದೇ ಸೆಲೆಕ್ಟ್ ಸಾಲು ಐಡಿ ಮಾತ್ರ ಬದಲಾಗಿ ಉದ್ದಕ್ಕೂ ಇಳಿಯುತ್ತಿದ್ದರೆ ಕೆಲಸ ಬಾಕಿ ಇದೆ.

4. ಎಚ್‌ಟಿಎಂಎಲ್ ತುಣುಕನ್ನು ಸ್ಟ್ರಿಂಗ್ ಜೋಡಿಸಿ ಕಟ್ಟಿ, ಕೊನೆಗೆ ಎಚ್‌ಟಿಎಂಎಲ್_ಸೇಫ್ (ಇದು ಸುರಕ್ಷಿತ, ಹಾಗೇ ತೋರಿಸು ಎನ್ನುವ ಗುರುತು) ಅಂಟಿಸುವ ಅಡ್ಡದಾರಿ ಬೇಡವೇ ಬೇಡ. ಯಾರಾದರೂ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ತುಂಬಿದರೆ ಅದು ನೋಡಿದವರ ಬ್ರೌಸರಿನಲ್ಲಿ ಓಡುತ್ತದೆ. ಟ್ಯಾಗ್.ಸ್ಪ್ಯಾನ್ ಬಳಸಿ, ಎಸ್ಕೇಪ್ (ಸ್ಕ್ರಿಪ್ಟನ್ನು ಬರೀ ಪಠ್ಯವಾಗಿಸುವುದು) ತಾನೇ ಮಾಡಿಕೊಳ್ಳುತ್ತದೆ.

ಮೊತ್ತಕ್ಕೆ ರೈಲ್ಸಿನದೇ ನಂಬರ್_ಟು_ಕರೆನ್ಸಿ ಸಾಕು ಎನ್ನುವವರಿಗೆ: ಅಲ್ಲಿ ಡೀಫಾಲ್ಟ್ ಡಾಲರು. ಯೂನಿಟ್ ಮಾತ್ರ ಬದಲಿಸಿದರೆ ₹125,000.00 ಎಂದು ಬರುತ್ತದೆ. ನಮ್ಮ 1,25,000 ಬೇಕಿದ್ದರೆ ಅಲ್ಪವಿರಾಮ ಎಲ್ಲಿ ಬೀಳಬೇಕೆಂದು ಹೇಳುವ ಡಿಲಿಮಿಟರ್_ಪ್ಯಾಟರ್ನ್ ಕೊಡಬೇಕು.

5. ಕಂಟ್ರೋಲರ್‌ಗೂ ವ್ಯೂಗೂ ಎರಡಕ್ಕೂ ಬೇಕಾದ ಕರೆಂಟ್_ಯೂಸರ್‌ನಂಥದ್ದನ್ನು (ಲಾಗಿನ್ ಆದವರು ಯಾರು ಎಂದು ಹೇಳುವುದು) ಕಂಟ್ರೋಲರ್‌ನಲ್ಲೇ ಬರೆದು ಹೆಲ್ಪರ್_ಮೆಥಡ್ ಎಂದು ಘೋಷಿಸಿ. ಕಂಟ್ರೋಲರ್‌ನಲ್ಲಿ ಇನ್‌ಕ್ಲೂಡ್ ಬಿಲ್ಸ್‌ಹೆಲ್ಪರ್ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಹೆಲ್ಪರಿನ ಪಬ್ಲಿಕ್ ಮೆಥಡ್‌ಗಳೆಲ್ಲ ಆ್ಯಕ್ಷನ್‌ಗಳಾಗಿಬಿಡುತ್ತವೆ. ರೂಟ್ (ವೆಬ್ ವಿಳಾಸವನ್ನು ಆ್ಯಕ್ಷನ್‌ಗೆ ಜೋಡಿಸುವ ನಿಯಮ) ಹೊಂದಿದರೆ ಹೊರಗಿನಿಂದಲೂ ಕರೆಯಬಹುದು. ಇಷ್ಟು ಚಿಕ್ಕ ಆ್ಯಪಿಗೆ ಡ್ರೇಪರ್‌ನಂಥ ಡೆಕೊರೇಟರ್ ಜೆಮ್ (ತೋರಿಕೆಯ ಕೋಡಿಗೆಂದೇ ಇರುವ ಲೈಬ್ರರಿ) ಕೂಡ ಅನಗತ್ಯ.

6. ಹೆಲ್ಪರ್ ಮೆಥಡ್‌ನ ಹೆಸರು ಬಿಡಿಯಾಗಿ ಬ್ಯಾಡ್ಜ್ ಎಂದಿಡದೆ ಬಿಲ್_ಬ್ಯಾಡ್ಜ್ ಎಂದಿಡಿ. ರೈಲ್ಸ್ ಎಲ್ಲ ಹೆಲ್ಪರ್‌ಗಳನ್ನೂ ಎಲ್ಲ ವ್ಯೂಗಳಿಗೂ ಹಂಚುತ್ತದೆ. ಒಂದೇ ಹೆಸರು ಎರಡು ಕಡೆ ಇದ್ದರೆ ಕೊನೆಗೆ ಲೋಡ್ ಆದದ್ದೇ ಗೆಲ್ಲುತ್ತದೆ, ಎರರ್ ಏನೂ ತೋರಿಸುವುದಿಲ್ಲ.