ಟ್ರೋಮ್ಸೋದಲ್ಲಿ ಅರೋರಾ: ಮೋಡ ನೋಡಿ ಹಾಕಿದ ಪ್ಲ್ಯಾನು

ಅರೋರಾ, ಅಂದರೆ ಧ್ರುವದ ಆಸುಪಾಸಿನ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ನೋಡಲು ನಾರ್ವೆಯ ಟ್ರೋಮ್ಸೋಗೆ ಹೋಗುವುದೆಂದು ಅಕ್ಕ, ನಾನು ತೀರ್ಮಾನಿಸಿದ ಮೇಲೆ ಮೊದಲು ಎದ್ದ ಪ್ರಶ್ನೆ ತಿಂಗಳಿನದು. ಊರು ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕಿದೆ. ಮೇ ಮೂರನೇ ವಾರದಿಂದ ಜುಲೈ ಮೂರನೇ ವಾರದವರೆಗೆ ಅಲ್ಲಿ ಸೂರ್ಯ ಮುಳುಗುವುದಿಲ್ಲ, ಹಾಗಾಗಿ ಆಕಾಶದಲ್ಲಿ ಏನೇ ನಡೆದರೂ ಕಣ್ಣಿಗೆ ಬೀಳದು. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಕತ್ತಲೆ ಜಾಸ್ತಿ ಸಿಗುತ್ತದೆಂದು ಬಹಳ ಜನ ಡಿಸೆಂಬರಿಗೇ ಬುಕ್ ಮಾಡುತ್ತಾರೆ. ನಮಗೆ ಮಾರ್ಚ್ ಸರಿ ಕಂಡಿತು. ಹಗಲು ಊರು ಸುತ್ತಲು ಬೆಳಕಿರುತ್ತದೆ, ರಾತ್ರಿ ಎಂಟರ ಹೊತ್ತಿಗೆ ಕತ್ತಲಾಗುತ್ತದೆ. ಮೇಲಾಗಿ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಹಗಲು-ರಾತ್ರಿ ಸಮವಾಗುವ ದಿನಗಳ ಆಸುಪಾಸಿನಲ್ಲಿ, ಅರೋರಾ ಹೊತ್ತಿಸುವ ಸೌರಮಾರುತ, ಅಂದರೆ ಸೂರ್ಯನಿಂದ ಬೀಸುವ ಕಣಗಳ ಗಾಳಿ, ಭೂಮಿಯ ಕಾಂತಕ್ಷೇತ್ರದೊಳಗೆ ನುಗ್ಗುವುದು ಸಲೀಸು.

ಬೆಳದಿಂಗಳಿದ್ದರೆ ಮಂಕು ಅರೋರಾ ಕಾಣಿಸುವುದಿಲ್ಲ. ಅದಕ್ಕೆ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ತೆಗೆದು ಅಮಾವಾಸ್ಯೆ ಹುಡುಕಿದೆವು. ಮಾರ್ಚ್ ಮೂರನೇ ವಾರದಲ್ಲಿತ್ತು, ಮರುದಿನವೇ ಯುಗಾದಿ. ಅಮ್ಮ ಸುಮ್ಮನಿರುತ್ತಾರೆಯೇ?

“ಅಮಾವಾಸ್ಯೆ ದಿನ ಯಾರಾದರೂ ಪ್ರಯಾಣ ಹೊರಡ್ತಾರೇನೇ?”

“ಅವತ್ತು ಹೊರಡಲ್ಲಮ್ಮ, ಅಷ್ಟೊತ್ತಿಗೆ ಅಲ್ಲಿರ್ತೀವಿ” ಅಂದಳು ಅಕ್ಕ. ಹಬ್ಬ ತಪ್ಪಿಸುತ್ತೇವೆಂಬ ಅಮ್ಮನ ಸಿಟ್ಟು ಮಾತ್ರ ಕೊನೆಯವರೆಗೂ ಇಳಿಯಲಿಲ್ಲ.

ವೀಸಾ ವಿಚಾರ ಚುಟುಕಾಗಿ ಹೇಳಿಬಿಡುತ್ತೇನೆ. ನಾರ್ವೆ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ದೇಶಗಳ ಗುಂಪಾದ ಷೆಂಗೆನ್‌ನಲ್ಲಿದೆ. ಬೆಂಗಳೂರಿನ ವೀಸಾ ಅರ್ಜಿ ಕೇಂದ್ರ ವಿಎಫ್‌ಎಸ್‌ನಲ್ಲೇ ಅರ್ಜಿ ಕೊಟ್ಟೆವು. ಕನಿಷ್ಠ 30,000 ಯೂರೋ ಮೊತ್ತದ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್, ಹೋಗಿಬರುವ ಟಿಕೆಟ್ಟಿನ ಬುಕಿಂಗ್ ಬೇಕು. ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಬಹುದು, ಕೊನೆ ಗಳಿಗೆಯವರೆಗೆ ಕಾಯುವ ಗೋಜು ಯಾಕೆ? ಓಸ್ಲೋವರೆಗೆ ಒಂದು ಟಿಕೆಟ್, ಅಲ್ಲಿಂದ ಎರಡು ಗಂಟೆಯೊಳಗೆ ಟ್ರೋಮ್ಸೋ.

ಇನ್ನು ಮುಖ್ಯ ವಿಷಯ. ಅರೋರಾ ಅಂದರೆ ಸಾಕು, ಜನ ಕೆಪಿ ಸೂಚ್ಯಂಕ ಎಷ್ಟು ಅಂತ ಕೇಳುತ್ತಾರೆ. ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎಂದು ಹೇಳುವ, ಸೊನ್ನೆಯಿಂದ ಒಂಬತ್ತರವರೆಗಿನ ಆ ಅಳತೆ ದೂರದ ದಕ್ಷಿಣದಲ್ಲಿರುವವರಿಗೆ ದೊಡ್ಡ ವಿಷಯ. 2024ರ ಮೇನಲ್ಲಿ ಲಡಾಖಿನ ಹಾನ್ಲೆಯಲ್ಲೂ ಕೆಂಪು ಅರೋರಾ ಕಂಡಿತಲ್ಲ, ಅದಕ್ಕೆ ಅಷ್ಟು ದೊಡ್ಡ ಸೌರ ಬಿರುಗಾಳಿಯೇ ಬೇಕಾಯಿತು. ಟ್ರೋಮ್ಸೋ ಇರುವುದು ಅರೋರಾ ವಲಯದ ನೇರ ಕೆಳಗೆ. ಕೆಪಿ ಒಂದೋ ಎರಡೋ ಇದ್ದರೂ ಧಾರಾಳ. ಅಲ್ಲಿ ಆಟ ಕೆಡಿಸುವುದು ಮೋಡ. ಅರೋರಾ ಮೂಡುವುದು ನೂರು ಕಿ.ಮೀ.ಗೂ ಮೇಲೆ, ಮೋಡ ಇರುವುದು ಕೆಲವೇ ಕಿ.ಮೀ. ಎತ್ತರದಲ್ಲಿ. ಕಡಲ ಮಗ್ಗುಲಿನ ಊರಾದ್ದರಿಂದ ಟ್ರೋಮ್ಸೋ ಆಕಾಶವನ್ನು ನಂಬುವ ಹಾಗೇ ಇಲ್ಲ.

ಸೌರಮಾರುತವನ್ನಂತೂ ವಾರಗಟ್ಟಲೆ ಮೊದಲೇ ಖಚಿತವಾಗಿ ಹೇಳಲಾಗದು. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್‌1 ಬಿಂದುವಿನ ಉಪಗ್ರಹಗಳು ಅದನ್ನು ಅಳೆದು ಕೊಡುವ ಮುನ್ಸೂಚನೆ ಹೆಚ್ಚೆಂದರೆ ಗಂಟೆಯಷ್ಟು. ನಮ್ಮ ಆದಿತ್ಯ-ಎಲ್‌1 ಇರುವುದೂ ಅಲ್ಲೇ. ಅದರಲ್ಲಿ ಸೂರ್ಯನ ಕರೋನಾ, ಅಂದರೆ ಹೊರಗಿನ ವಾತಾವರಣ, ನೋಡುವ ಉಪಕರಣ ತಯಾರಾದದ್ದು ನಮ್ಮ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ.

ಸೌರಮಾರುತ ನಮ್ಮ ಕೈಯಲ್ಲಿಲ್ಲ, ಮೋಡದಿಂದಾದರೂ ತಪ್ಪಿಸಿಕೊಳ್ಳಬಹುದು. ಅದಕ್ಕೇ ಹೋಟೆಲಿಗೆ ಸುರಿಯುವ ದುಡ್ಡನ್ನು ಮೋಡದಿಂದ ತಪ್ಪಿಸಿಕೊಂಡು ಹೋಗುವ ಮಿನಿಬಸ್ಸಿಗೆ ಹಾಕಿದೆವು. ಟ್ರೋಮ್ಸೋದಿಂದ ಎರಡು ಗಂಟೆ ದಾರಿಯಲ್ಲಿ ಶಿಬೊಟ್ನ್ ಕಣಿವೆ ಇದೆ. ಕಡಲ ತೇವವನ್ನು ನಡುವಿನ ಲ್ಯುಂಗೆನ್ ಪರ್ವತಸಾಲು ತಡೆಯುತ್ತದೆ. ಆಗುಂಬೆಯಲ್ಲಿ ಸುರಿದ ಮೋಡ ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಖಾಲಿಯಾಗುತ್ತದಲ್ಲ, ಅದೇ ಲೆಕ್ಕ. ಅಲ್ಲೂ ಮೋಡವಿದ್ದರೆ ಮುಂದೆ ಗಡಿ ದಾಟಿ ಫಿನ್ಲೆಂಡಿನ ಕಿಲ್ಪಿಸ್‌ಯಾರ್ವಿ. ಅದೇ ವೀಸಾ ನಡೆಯುತ್ತದೆ, ಪಾಸ್‌ಪೋರ್ಟ್ ಮಾತ್ರ ಜೇಬಿನಲ್ಲಿರಲಿ. ನಾರ್ವೆಯವರ ಹವಾಮಾನದ ವೈಆರ್ ಆ್ಯಪಿನಲ್ಲಿ ಟ್ರೋಮ್ಸೋ, ಶಿಬೊಟ್ನ್, ಕಿಲ್ಪಿಸ್‌ಯಾರ್ವಿ ಮೂರನ್ನೂ ಸೇವ್ ಮಾಡಿಟ್ಟುಕೊಂಡು, ಮಧ್ಯಾಹ್ನ ಮೋಡದ ಶೇಕಡಾವಾರು ನೋಡಿ ಅವತ್ತಿನ ಸೀಟು ಕಾದಿರಿಸುತ್ತಿದ್ದೆವು. ಜನ ಮುಗಿಬೀಳುವ ಫೆಬ್ರವರಿಯಲ್ಲಾದರೆ ಈ ಉಪಾಯ ನಡೆಯುವುದು ಕಷ್ಟ.

ಬಟ್ಟೆ ವಿಷಯದಲ್ಲಿ ಒಂದೇ ನಿಯಮ: ಮೈಗೆ ತಾಗುವಲ್ಲಿ ಹತ್ತಿ ಬೇಡ, ಉಣ್ಣೆ ಇರಲಿ. ಬೆವರು ಹೀರಿದ ಹತ್ತಿ ಆರುವುದಿಲ್ಲ, ನಿಂತಲ್ಲೇ ನಡುಕ ಹತ್ತುತ್ತದೆ. ಊರಿನಲ್ಲಿ ಸೊನ್ನೆಯ ಆಸುಪಾಸಿದ್ದರೆ ಕಣಿವೆಯಲ್ಲಿ ಮೈನಸ್ 20ಕ್ಕೂ ಇಳಿಯಬಹುದು. ಮೇಲೆ ಹಾಕುವ ದಪ್ಪ ಸೂಟು ಬಸ್ಸಿನವರೇ ಕೊಟ್ಟರು. ಶೂ ಒಂದು ಸೈಜ್ ದೊಡ್ಡದು ತೆಗೆದುಕೊಂಡಿದ್ದೆವು, ಕಾಲುಚೀಲ ಹಾಕಿದ ಮೇಲೂ ಒಳಗೆ ಗಾಳಿ ಆಡಬೇಕು. ಹಗಲು ಕರಗಿ ರಾತ್ರಿ ಗಾಜಾಗುವ ಫುಟ್‌ಪಾತಿಗೆ ಶೂ ತಳಕ್ಕೆ ಸಿಕ್ಕಿಸುವ ಮೊಳೆಪಟ್ಟಿ ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ.

ಹೋಟೆಲ್ ಊಟದ ಬೆಲೆ ಹೇಳಿ ಹೊಟ್ಟೆ ಉರಿಸುವುದಿಲ್ಲ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದೆವು, ತರಕಾರಿ ಹಾಲು ರೆಮಾ 1000 ಎಂಬ ಸೂಪರ್‌ಮಾರ್ಕೆಟ್ಟಿನಲ್ಲಿ. ಹುರಿದ ರವೆ, ಅವಲಕ್ಕಿ, ಚಟ್ನಿಪುಡಿ ಇಲ್ಲಿಂದಲೇ ಹೋಯಿತು. ಹಾಲಿನ ಪದಾರ್ಥ ಒಯ್ಯುವಂತಿಲ್ಲ, ತುಪ್ಪ ಪೇಡಗಳನ್ನು ಮನೆಯಲ್ಲೇ ಬಿಡಿ.

ಶಿಬೊಟ್ನ್‌ನಲ್ಲಿ ಬಸ್ ದೀಪ ಆರಿಸಿ ನಿಂತಾಗ ಉತ್ತರಕ್ಕೆ ಕಂಡದ್ದು ಬೂದಿ ಬಣ್ಣದ ಒಂದು ಪಟ್ಟೆ. “ಇದೇನೇ? ಇಷ್ಟೇನಾ?” ಅಂದಳು ಅಕ್ಕ, ರೆಪ್ಪೆ ತುದಿಯಲ್ಲೆಲ್ಲ ಬಿಳಿ ಹಿಮ. ಕ್ಯಾಮೆರಾದಲ್ಲಿ ಅದೇ ಪಟ್ಟೆ ಹಸಿರು. ಮಂಕು ಬೆಳಕಿಗೆ ಕಣ್ಣು ಬಣ್ಣ ಗುರುತಿಸುವುದಿಲ್ಲ, ಗೊತ್ತಿಲ್ಲದವರು ಇದನ್ನೇ ಮೋಡ ಅಂದುಕೊಂಡು ಬಸ್ ಹತ್ತಿಬಿಡುತ್ತಾರೆ. ಅರ್ಧ ಗಂಟೆ ಕಳೆದಿರಬೇಕು, ಪಟ್ಟೆ ಒಮ್ಮೆಲೇ ನೆತ್ತಿಗೆ ಬಂದು ಸೀಳಿತು. ಹಸಿರು ಬರಿಗಣ್ಣಿಗೇ ಹೊಡೆದು ಕಂಡಿತು, ಕೆಳ ಅಂಚಿನಲ್ಲಿ ಗುಲಾಬಿ ಓಡಿತು. ಹಸಿರು ಆಮ್ಲಜನಕದ್ದು, ಗುಲಾಬಿ ಸಾರಜನಕದ್ದು. ಅಕ್ಕನ ಬಾಯಿ ಬಂದಾಗಿತ್ತು, ಅವಳ ಮಟ್ಟಿಗೆ ಅದೂ ಅಪರೂಪವೇ.

ಫೋಟೋಗೆ ಟ್ರೈಪಾಡ್ ಬೇಕೇ ಬೇಕು. ನಕ್ಷತ್ರಕ್ಕೆ ಕೈಯಿಂದ ಫೋಕಸ್ ಮಾಡಿ, ಎಫ್ 2.8 (ಲೆನ್ಸ್ ತೆರೆಯುವ ಅಳತೆ), ಐಎಸ್‌ಒ 1600 (ಬೆಳಕಿಗೆ ಸೂಕ್ಷ್ಮತೆ), ಐದು ಸೆಕೆಂಡಿನ ಎಕ್ಸ್‌ಪೋಷರಿನಿಂದ ಶುರುಮಾಡಿ. ಅರೋರಾ ಜೋರಾದರೆ ಸೆಕೆಂಡು ಇಳಿಸಿ, ಇಲ್ಲದಿದ್ದರೆ ಗೆರೆಗಳೆಲ್ಲ ಕಲಸಿಹೋಗುತ್ತವೆ. ಹೆಚ್ಚುವರಿ ಬ್ಯಾಟರಿ ಒಳಜೇಬಿನಲ್ಲಿ ಮೈಗೆ ಒತ್ತಿಕೊಂಡಿರಲಿ. ಬಸ್ ಹತ್ತುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ರೂಮಿನ ಬಿಸಿಗೆ ಹೊಂದಿಕೊಳ್ಳುವವರೆಗೆ ಬಿಚ್ಚಬೇಡಿ, ಬಿಚ್ಚಿದರೆ ಲೆನ್ಸಿನೊಳಗೆ ನೀರು ಕಟ್ಟುತ್ತದೆ.

ವಾಪಸ್ ಹೊರಡುವ ಹಿಂದಿನ ದಿನ ಕೆಪಿ ಐದು ತೋರಿಸುತ್ತಿತ್ತು. ಊರಿನ ಪ್ರವಾಸಿಗರೆಲ್ಲ ಬಸ್ಸಿಗೆ ಮುಗಿಬಿದ್ದಿದ್ದರು. ವೈಆರ್‌ನಲ್ಲಿ ಮೂರು ಜಾಗಗಳಿಗೂ ಮೋಡ ಶೇಕಡ ನೂರು. ನಾವು ಸೀಟು ಕಾದಿರಿಸಲಿಲ್ಲ, ಸಂಜೆಯೇ ಪೆಟ್ಟಿಗೆ ಕಟ್ಟಿ ಮಲಗಿದೆವು.