ವೇಳಾಪಟ್ಟಿ ಓದುತ್ತಾ ಕಲಿತ ಇಂಗ್ಲಿಷ್: ಕನ್ನಡ ಮಾಧ್ಯಮ ತರಗತಿಯ ನನ್ನ ಅನುಭವ

ಕಡೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಶಿಕ್ಷಕ. ನಮ್ಮ ಮಕ್ಕಳಿಗೆ ಕನ್ನಡ ಪ್ರಥಮ ಭಾಷೆ, ಇಂಗ್ಲಿಷ್ ದ್ವಿತೀಯ ಭಾಷೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುತ್ತಿರುವುದರಿಂದ ಎಂಟನೇ ತರಗತಿಗೆ ಬರುವ ಮಗು ಆ ವೇಳೆಗಾಗಲೇ ಏಳು ವರ್ಷ ಈ ಭಾಷೆಯನ್ನು ಓದಿರುತ್ತದೆ. ಅಕ್ಷರ ದುಂಡಗಿರುತ್ತದೆ, ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠವಿರುತ್ತದೆ. ಆದರೆ ಪುಸ್ತಕದಲ್ಲಿಲ್ಲದ ಒಂದು ಸಣ್ಣ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರೆ ಇಡೀ ತರಗತಿ ತಲೆ ತಗ್ಗಿಸುತ್ತದೆ. ಆ ಮೌನವನ್ನು ಮುರಿಯಲು ನಾನು ಹಿಡಿದ ದಾರಿ ಯಾವುದು, ಅದರಿಂದ ಏನು ದಕ್ಕಿತು, ಏನು ದಕ್ಕಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಇಂಗ್ಲಿಷ್ ಪಾಠವೆಂದರೆ ಸಾಮಾನ್ಯವಾಗಿ ಒಂದು ವಾಕ್ಯ ಓದಿ ಅದರ ಅರ್ಥವನ್ನು ಕನ್ನಡದಲ್ಲಿ ಹೇಳುವುದು, ಮತ್ತೆ ಮುಂದಿನ ವಾಕ್ಯಕ್ಕೆ ಹೋಗುವುದು. ನಾನೂ ಕನ್ನಡ ಮಾಧ್ಯಮದಲ್ಲಿ ಹೀಗೆಯೇ ಕಲಿತವನು. ಈ ಕ್ರಮದಲ್ಲಿ ಮಗುವಿನ ಗಮನವೆಲ್ಲ ಶಿಕ್ಷಕ ಹೇಳುವ ಕನ್ನಡದ ಮೇಲಿರುತ್ತದೆ; ಇಂಗ್ಲಿಷ್ ವಾಕ್ಯದಿಂದ ಅರ್ಥವನ್ನು ತಾನಾಗಿಯೇ ಹಿಂಡಿ ತೆಗೆಯುವ ಅಗತ್ಯವೇ ಅದಕ್ಕೆ ಬೀಳುವುದಿಲ್ಲ. ನಮ್ಮ ಶಾಲೆಗೆ ತಾಂಡಾಗಳಿಂದ ಬರುವ ಮಕ್ಕಳ ಮನೆಮಾತು ಲಂಬಾಣಿ, ಇನ್ನು ಕೆಲವರದು ಉರ್ದು. ಅವರಿಗೆ ಕನ್ನಡವೂ ಶಾಲೆಯಲ್ಲಿ ಕಲಿತ ಭಾಷೆಯೇ ಆಗಿರುವಾಗ, ಕನ್ನಡದ ಅರ್ಥ ಹೇಳಿದರೆ ಎಲ್ಲರಿಗೂ ಸಮಾನವಾಗಿ ಸಹಾಯವಾಗುತ್ತದೆ ಎಂದು ನಂಬುವುದು ಆ ಮಕ್ಕಳಿಗೆ ಮಾಡುವ ಅನ್ಯಾಯವೆಂದು ನನಗೆ ಅನಿಸುತ್ತದೆ.

ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿಗೆ ಹೋಗಿದ್ದಾಗ ಎನ್.ಎಸ್. ಪ್ರಭು ಅವರ ಪ್ರಯೋಗದ ಪರಿಚಯವಾಯಿತು. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಈ ಪ್ರಯೋಗ ಜಗತ್ತಿನ ಭಾಷಾಶಿಕ್ಷಕರ ನಡುವೆ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಗಿದೆ. ಮನಸ್ಸು ಅರ್ಥದ ಹಿಂದೆ ಬಿದ್ದಾಗಲೇ ಭಾಷೆಯ ವ್ಯಾಕರಣ ಒಳಗೆ ಇಳಿಯುತ್ತದೆ ಎಂಬುದು ಅವರ ನಿಲುವು. ಆದ್ದರಿಂದ ಆ ತರಗತಿಗಳಲ್ಲಿ ವ್ಯಾಕರಣದ ಪಾಠವಿರಲಿಲ್ಲ. ನಕ್ಷೆ, ರೈಲಿನ ವೇಳಾಪಟ್ಟಿ, ಲೆಕ್ಕಾಚಾರ ಇಂಥವನ್ನು ಮುಂದಿಟ್ಟು ಇಂಗ್ಲಿಷಿನಲ್ಲಿ ಯೋಚಿಸಿ ಬಿಡಿಸಬೇಕಾದ ಸಮಸ್ಯೆಗಳಿದ್ದವು. ಬಡ ಊರಿನ ದೊಡ್ಡ ತರಗತಿಯಲ್ಲೂ ಬರೀ ಕಪ್ಪುಹಲಗೆ ಮತ್ತು ಸೀಮೆಸುಣ್ಣದಿಂದ ಇದನ್ನು ನಡೆಸಬಹುದು ಎಂಬುದೇ ನನ್ನನ್ನು ಮೊದಲು ಸೆಳೆಯಿತು.

ಒಂದು ತರಗತಿ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಮ್ಮ ಮಕ್ಕಳಿಗೆ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ಚೆನ್ನಾಗಿ ಗೊತ್ತು; ಶಿವಮೊಗ್ಗಕ್ಕೆ ಹೋಗುವವರು ಬೀರೂರು ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವುದನ್ನು ಅವರು ನೋಡಿದ್ದಾರೆ. ನಾನೇ ಕಲ್ಪಿಸಿಕೊಂಡ ಸಮಯಗಳಿಂದ ಒಂದು ಪಟ್ಟಿಯನ್ನು ಹಲಗೆಯ ಮೇಲೆ ಬರೆಯುತ್ತೇನೆ. ತಿಪಟೂರಿನಿಂದ 8:20ಕ್ಕೆ ಹೊರಟ ಗಾಡಿ ಬೀರೂರನ್ನು 9:50ಕ್ಕೆ ತಲುಪುತ್ತದೆ, 9:30ಕ್ಕೆ ಹೊರಟದ್ದು 11:00ಕ್ಕೆ. ಬೀರೂರಿನಿಂದ ಶಿವಮೊಗ್ಗಕ್ಕೆ 9:40, 10:30 ಮತ್ತು 11:10ಕ್ಕೆ ಗಾಡಿಗಳಿವೆ, ಪ್ರಯಾಣ ಒಂದೂವರೆ ಗಂಟೆಯದು. ಮೊದಲು ಪಟ್ಟಿಯನ್ನು ಓದಲು ಬೇಕಾದ ಸರಳ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೇ ಕೇಳುತ್ತಾ ಹೋಗುತ್ತೇನೆ: ‘ವಾಟ್ ಟೈಮ್ ಡಸ್ ದ ಫಸ್ಟ್ ಟ್ರೇನ್ ರೀಚ್ ಬೀರೂರ್?’ ಇದಕ್ಕೆ ಗಂಟೆ ನಿಮಿಷ ಹೇಳಿದರೆ ಸಾಕು, ಪೂರ್ಣ ವಾಕ್ಯವನ್ನು ನಾನು ಬೇಡುವುದಿಲ್ಲ. ಎಲ್ಲರೂ ಪಟ್ಟಿಗೆ ಹೊಂದಿಕೊಂಡ ಮೇಲೆ ನಿಜವಾದ ಸಮಸ್ಯೆ ಬರುತ್ತದೆ. ತಿಪಟೂರಿನ ಒಬ್ಬರು 12:30ರೊಳಗೆ ಶಿವಮೊಗ್ಗದಲ್ಲಿರಬೇಕು; ಅವರು ಯಾವ ಗಾಡಿ ಹತ್ತಬೇಕು?

ಅವಸರದವರು ಎರಡನೆಯ ಗಾಡಿ ಎನ್ನುತ್ತಾರೆ, ಏಕೆಂದರೆ ಬೀರೂರಿನಲ್ಲಿ 11:10ರ ಗಾಡಿ ಸಿಗುತ್ತದೆ. ಒಂದೂವರೆ ಗಂಟೆಯನ್ನು ಕೂಡಿಸಿ ನೋಡಿದವರು 12:40 ಆಗಿಬಿಡುತ್ತದೆ ಎಂದು ತಕರಾರು ತೆಗೆಯುತ್ತಾರೆ. ಈ ಹಂತದಲ್ಲಿ ಕನ್ನಡ ಬಂದರೂ ನಾನು ತಡೆಯುವುದಿಲ್ಲ, ಆದರೆ ನನ್ನ ಮಾತನ್ನು ಇಂಗ್ಲಿಷಿನಿಂದ ಬದಲಿಸುವುದಿಲ್ಲ. ಮೊದಲ ಗಾಡಿ ನಲವತ್ತೈದು ನಿಮಿಷ ತಡವಾಗಿ ಬಂದರೆ ಏನಾಗುತ್ತದೆ ಎಂದು ಒಮ್ಮೆ ಕೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ನೋ ಸರ್, ಫೈವ್ ಮಿನಿಟ್ಸ್ ಲೇಟ್, ದಟ್ ಟ್ರೇನ್ ಗೋ’ ಎಂದಳು. 10:30ರ ಗಾಡಿ ಹೊರಟುಹೋಗಿರುತ್ತದೆ ಎಂಬ ಅವಳ ಲೆಕ್ಕ ಸರಿಯಾಗಿತ್ತು. ನಾನು ‘ಯೆಸ್, ದಟ್ ಟ್ರೇನ್ ವಿಲ್ ಹ್ಯಾವ್ ಗಾನ್’ ಎಂದು ಸಹಜವಾಗಿ ಉತ್ತರಿಸಿ, ಹಾಗಾದರೆ ಅವರು ಎಷ್ಟು ಹೊತ್ತಿಗೆ ತಲುಪುತ್ತಾರೆ ಎಂಬ ಮುಂದಿನ ಪ್ರಶ್ನೆಗೆ ಹೋದೆ. ಕೆಲವು ವಾರಗಳ ನಂತರ ಬಸ್ಸಿನ ಪಟ್ಟಿಯೊಂದರ ಮೇಲೆ ಮಾತಾಡುವಾಗ ಅದೇ ಹುಡುಗಿ ‘ದ ಬಸ್ ವಿಲ್ ಗಾನ್’ ಎಂದಳು. ವ್ಯಾಕರಣದ ಕಣ್ಣಿಗೆ ಅದು ಇನ್ನೂ ತಪ್ಪೇ. ಆದರೆ ಯಾರೂ ಪಾಠ ಮಾಡದ ರೂಪವೊಂದು ಅವಳ ಬಾಯಿಗೆ ಅರ್ಧ ದಾರಿ ನಡೆದು ಬಂದಿತ್ತು, ಮತ್ತು ನನ್ನ ಮಟ್ಟಿಗೆ ಅದು ಕಲಿಕೆಯ ಅತ್ಯಂತ ಸ್ಪಷ್ಟವಾದ ಗುರುತು.

ಬಾಯಿಮಾತಿನ ಈ ಭಾಗ ಮುಗಿದ ಮೇಲೆ ಅದೇ ಬಗೆಯ ಇನ್ನೊಂದು ಪಟ್ಟಿಯನ್ನು ಕೊಟ್ಟು ಪ್ರತಿಯೊಬ್ಬರೂ ತಾವೇ ಬಿಡಿಸಿ ಬರೆಯುವಂತೆ ಮಾಡುತ್ತೇನೆ. ಕನಿಷ್ಠ ಅರ್ಧದಷ್ಟು ಮಕ್ಕಳು ಕನಿಷ್ಠ ಅರ್ಧದಷ್ಟು ಕೆಲಸವನ್ನು ಸರಿಯಾಗಿ ಮಾಡುವಂತಿರಬೇಕು ಎಂಬ ಪ್ರಭು ಅವರ ಅಳತೆಯನ್ನೇ ನಾನು ಇಟ್ಟುಕೊಂಡಿದ್ದೇನೆ. ಅಷ್ಟು ಬಾರದಿದ್ದರೆ ಮರುದಿನದ ಪ್ರಶ್ನೆಗಳನ್ನು ಸುಲಭಗೊಳಿಸುತ್ತೇನೆ. ಗುಂಪಿನಲ್ಲಿ ಮಾಡಿಸುವುದನ್ನು ಅವರು ಒಪ್ಪುತ್ತಿರಲಿಲ್ಲ, ಏಕೆಂದರೆ ಮಕ್ಕಳ ಅರೆಬರೆ ಇಂಗ್ಲಿಷ್ ಒಬ್ಬರಿಂದೊಬ್ಬರಿಗೆ ಅಂಟಿ ಗಟ್ಟಿಯಾಗುತ್ತದೆ ಎಂಬ ಆತಂಕ ಅವರಿಗಿತ್ತು. ಪಕ್ಕದವರನ್ನು ಕೇಳಿಕೊಳ್ಳುವ ಸ್ವಾತಂತ್ರ್ಯವನ್ನಷ್ಟೇ ನಾನೂ ಕೊಡುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಅವರಿಂದ ಬೇರೆಯಾಗಿದ್ದೇನೆ. ಆ ಪ್ರಯೋಗದ ಕೊನೆಯಲ್ಲಿ ನಡೆದ ಹೊರಗಿನವರ ಮೌಲ್ಯಮಾಪನದಲ್ಲಿ, ಭಾಷೆಯನ್ನು ಗ್ರಹಿಸಿ ಬಳಸುವ ಪರೀಕ್ಷೆಗಳಲ್ಲಿ ಪ್ರಯೋಗದ ತರಗತಿಗಳೂ, ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಕ್ರಮದ ತರಗತಿಗಳೂ ಮುಂದಿದ್ದವು. ನನ್ನ ತರಗತಿಯಲ್ಲಿ ಕಂಡದ್ದೂ ಅದೇ. ಯಾವುದು ಮೊದಲು, ಯಾವುದು ಬೇಗ, ಎಷ್ಟು ಹೆಚ್ಚು ಎಂದು ಹೋಲಿಸುವ ಮಾತುಗಳು ಮಕ್ಕಳಿಗೆ ತಾವಾಗಿಯೇ ಬಂದವು; ಆದರೆ ನಿಷೇಧದ ವಾಕ್ಯಗಳಲ್ಲಿ ‘ಹಿ ನಾಟ್ ಕಮಿಂಗ್’ ಎಂಬಂಥವು ಹಾಗೆಯೇ ಉಳಿದವು, ‘ಎ’ ಮತ್ತು ‘ದ’ಗಳಂತೂ ಕಾಣೆಯಾಗಿಯೇ ಇದ್ದವು. ಕನ್ನಡದಲ್ಲಿ ಅವುಗಳಿಗೆ ಸಮನಾದ ಪದಗಳೇ ಇಲ್ಲದಿರುವಾಗ ಬರೀ ಕೇಳುವುದರಿಂದ ಅವು ಕಿವಿಗೆ ಬೀಳುವುದು ಕಷ್ಟ. ಆದ್ದರಿಂದ ವಾರದ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳೇ ಆ ವಾರ ಬರೆದ ಕೆಲವು ವಾಕ್ಯಗಳನ್ನು ಹೆಸರು ಹೇಳದೆ ಹಲಗೆಗೆ ಏರಿಸಿ, ಎಲ್ಲರೂ ಸೇರಿ ತಿದ್ದುವ ಕ್ರಮವನ್ನು ತಂದೆ. ಅರ್ಥ ಮೊದಲೇ ತಿಳಿದಿರುವ, ತಾವೇ ಬರೆದ ವಾಕ್ಯವಾದ್ದರಿಂದ ಅಲ್ಲಿ ನಿಯಮವನ್ನು ಹೇಳಿದರೆ ಅದು ನಿಲ್ಲುತ್ತದೆ.

ಎಸ್‌ಎಸ್‌ಎಲ್‌ಸಿಯ ಭಯ ಪೋಷಕರಿಗೆ ಇದ್ದೇ ಇರುತ್ತದೆ. ನೋಟ್ಸ್ ಬರೆಸುವುದಿಲ್ಲ ಎಂಬ ದೂರು ನನ್ನ ಮೇಲೂ ಬಂತು. ಕೇಳಲು ಬಂದ ತಂದೆಯೊಬ್ಬರಿಗೆ ಅವರ ಮಗನ ಪುಸ್ತಕವನ್ನೇ ತೋರಿಸಿ, ‘ನೋಡಿ ಸ್ವಾಮಿ, ಈ ಪುಟವನ್ನು ಅವನು ಯಾರನ್ನೂ ನೋಡದೆ ಬರೆದದ್ದು’ ಎಂದು ವಿವರಿಸಿದೆ. ದ್ವಿತೀಯ ಭಾಷೆಯ ಲಿಖಿತ ಪರೀಕ್ಷೆ 80 ಅಂಕದ್ದು. ಅದರಲ್ಲಿ ನೋಡದ ಗದ್ಯಭಾಗವನ್ನು ಓದಿ ಉತ್ತರಿಸುವ, ಪತ್ರ ಬರೆಯುವ ಪ್ರಶ್ನೆಗಳೂ ಇರುತ್ತವೆ, ಮತ್ತು ಅವುಗಳನ್ನು ಬಾಯಿಪಾಠದಿಂದ ಎದುರಿಸಲಾಗುವುದಿಲ್ಲ. ಹಾಗೆಂದು ಪಠ್ಯಪುಸ್ತಕವನ್ನು ನಾನು ಬದಿಗಿಟ್ಟಿಲ್ಲ. ಎಂಟು ಮತ್ತು ಒಂಬತ್ತನೇ ತರಗತಿಗಳಲ್ಲಿ ಇಂಥ ಕೆಲಸಗಳಿಗೆ ಹೆಚ್ಚು ಪೀರಿಯಡ್ ಕೊಡುತ್ತೇನೆ, ಹತ್ತರಲ್ಲಿ ದಸರಾ ರಜೆಯ ನಂತರ ಪೂರ್ತಿ ಪಠ್ಯಕ್ಕೆ ಮರಳುತ್ತೇನೆ.

ಈ ದಾರಿಯನ್ನು ಹಿಡಿಯಬೇಕೆನ್ನುವ ಶಿಕ್ಷಕರು ಮೊದಲು ತಮ್ಮ ಊರಿನ ಸಾಮಗ್ರಿಯನ್ನು ಕೂಡಿಸಿಕೊಳ್ಳುವುದು ಒಳ್ಳೆಯದು. ಬಸ್ ನಿಲ್ದಾಣದ ಫಲಕ, ಸಂತೆಯ ದರ, ಹಾಲಿನ ಡೈರಿಯ ಲೆಕ್ಕದ ಚೀಟಿ, ಶಾಲೆಯಿಂದ ಮನೆಗೆ ಹೋಗುವ ದಾರಿಯ ನಕ್ಷೆ, ಇವೆಲ್ಲವೂ ಪಾಠವಾಗುತ್ತವೆ. ಪ್ರಶ್ನೆಗಳನ್ನು ಮಾತ್ರ ಹಿಂದಿನ ರಾತ್ರಿಯೇ ಇಂಗ್ಲಿಷಿನಲ್ಲಿ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ತರಗತಿಯಲ್ಲಿ ಮಕ್ಕಳು ಅನಿರೀಕ್ಷಿತ ಉತ್ತರ ಕೊಟ್ಟಾಗ ಶಿಕ್ಷಕರ ನಾಲಿಗೆಯೇ ಮೊದಲು ಕನ್ನಡಕ್ಕೆ ಹೊರಳುತ್ತದೆ.